ಸಮಾಜಶಾಸ್ತ್ರ ಮತ್ತು ಮಾಧ್ಯಮ: ಓದಿದರೆ ಏನು ಸಿಗುತ್ತದೆ?

ಹತ್ತನೆಯ ತರಗತಿಯ ಫಲಿತಾಂಶ ಹತ್ತಿರವಾಗುತ್ತಿದ್ದಂತೆ ನಮ್ಮೆಲ್ಲರ ಮನೆಗಳಲ್ಲೂ ಒಂದೇ ಮಾತು: ಮುಂದೇನು? ಸೈನ್ಸ್ ಎಂದರೆ ಎಲ್ಲರಿಗೂ ಸಮಾಧಾನ. ಕಾಮರ್ಸ್ ಎಂದರೆ ಪರವಾಗಿಲ್ಲ. ಆದರೆ ಮಗನೋ ಮಗಳೋ "ನಾನು ಸಮಾಜಶಾಸ್ತ್ರ ಓದುತ್ತೇನೆ, ಮಾಧ್ಯಮ ಕ್ಷೇತ್ರಕ್ಕೆ ಹೋಗುತ್ತೇನೆ" ಎಂದರೆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಊರಿನಿಂದ ಅಜ್ಜಿಯ ಫೋನು ಬರುತ್ತದೆ: "ಅದನ್ನು ಓದಿ ಏನು ಮಾಡ್ತೀಯ ಪುಟ್ಟಾ?"

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಪರದೇಶದಲ್ಲಿ ದುಡಿದು ಕೂಡಿಟ್ಟ ಹಣ ಹಾಗೂ ಮಕ್ಕಳ ಬದುಕಿನ ಮೂರು ನಾಲ್ಕು ವರ್ಷಗಳು ಇದರಲ್ಲಿ ಅಡಗಿವೆ. ಆದ್ದರಿಂದ ಉತ್ತರವನ್ನು ತಿಳಿದುಕೊಂಡೇ ಕೊಡಬೇಕು. ಈ ಎರಡು ವಿಷಯಗಳಲ್ಲಿ ಏನಿದೆ, ಅವನ್ನು ಎಲ್ಲಿ ಓದಬಹುದು, ಓದಿದವರಿಗೆ ಯಾವ ದಾರಿಗಳಿವೆ ಎಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಟ್ಟಿಗೆ ಹೇಳುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಎರಡು ವಿಷಯ, ಒಂದು ನಂಟು

ಸಮಾಜಶಾಸ್ತ್ರವೆಂದರೆ ಜನ ಒಟ್ಟಾಗಿ ಬಾಳುವ ರೀತಿಯನ್ನು ಕ್ರಮಬದ್ಧವಾಗಿ ಅಭ್ಯಸಿಸುವ ಶಾಸ್ತ್ರ. ಕುಟುಂಬ, ಜಾತಿ, ಧರ್ಮ, ದುಡಿಮೆ, ವಲಸೆ, ನಗರ, ಶಿಕ್ಷಣ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಮಾಧ್ಯಮ ಅಧ್ಯಯನವೆಂದರೆ ಪತ್ರಿಕೆ, ರೇಡಿಯೊ, ಸಿನಿಮಾ, ಟಿ.ವಿ., ಇಂಟರ್ನೆಟ್‌ಗಳ ಮೂಲಕ ಸುದ್ದಿ ಮತ್ತು ವಿಚಾರಗಳು ಹೇಗೆ ಹುಟ್ಟುತ್ತವೆ, ಹೇಗೆ ಹರಡುತ್ತವೆ, ಯಾರ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದರ ಅಧ್ಯಯನ.

ಎರಡನ್ನೂ ಜೊತೆಯಾಗಿ ಏಕೆ ಓದಬೇಕು? ನಮ್ಮ ಕರ್ನಾಟಕದಲ್ಲೇ ನಡೆದ ಒಂದು ದುಃಖದ ಘಟನೆಯನ್ನು ನೋಡೋಣ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿಗೆ ಹೈದರಾಬಾದಿನಿಂದ ಕೆಲವು ಯುವಕರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿತು. ಮುರ್ಕಿ ಗ್ರಾಮದ ಬಳಿ ಜನ ಗುಂಪುಗೂಡಿ ಅವರನ್ನು ಹೊಡೆದರು. ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅದೇ ವರ್ಷ ದೇಶದ ಬೇರೆ ಕಡೆಗಳಲ್ಲೂ ಇಂತಹ ಘಟನೆಗಳು ನಡೆದುದರಿಂದ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಮಿತಿ ಹಾಕಿತು.

ಸಂದೇಶ ಅಷ್ಟು ಬೇಗ ಹೇಗೆ ಹರಡಿತು ಎಂಬುದು ಮಾಧ್ಯಮದ ಪ್ರಶ್ನೆ. ಹಳ್ಳಿಯ ಸಾಮಾನ್ಯ ಜನ ಅದನ್ನು ಏಕೆ ನಂಬಿದರು, ಅಪರಿಚಿತರನ್ನು ಕಂಡು ಏಕೆ ಹೆದರಿದರು, ಒಬ್ಬೊಬ್ಬರಾಗಿ ಮಾಡದ ಕೆಲಸವನ್ನು ಗುಂಪಾದಾಗ ಏಕೆ ಮಾಡಿದರು ಎಂಬುದು ಸಮಾಜಶಾಸ್ತ್ರದ ಪ್ರಶ್ನೆ. ಮೊದಲನೆಯದನ್ನು ಮಾತ್ರ ಬಲ್ಲವರು ಮೊಬೈಲಿನ ಮೇಲೆ ದೂರು ಹೇಳುತ್ತಾರೆ. ಎರಡನೆಯದನ್ನು ಮಾತ್ರ ಬಲ್ಲವರು ಸುದ್ದಿಯ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂತಹ ಸಾವುಗಳನ್ನು ತಡೆಯಬೇಕಾದರೆ ಎರಡೂ ತಿಳಿದವರು ಬೇಕು.

ಮೈಸೂರಿನ ಶ್ರೀನಿವಾಸರು

ಸಮಾಜಶಾಸ್ತ್ರ ನಮಗೆ ಪರಕೀಯವಲ್ಲ. ಈ ಶಾಸ್ತ್ರದಲ್ಲಿ ಜಗತ್ತಿನಾದ್ಯಂತ ಹೆಸರಾದ ಎಂ. ಎನ್. ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಸಂಶೋಧನೆ ಮಾಡಿ, ಆಕ್ಸ್‌ಫರ್ಡಿಗೆ ಹೋದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ವಿವರಿಸಿದ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆಯನ್ನು ಇಂದಿಗೂ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತಾರೆ. ಬರೋಡಾ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದವರೂ ಅವರೇ.

1948ರಲ್ಲಿ ಶ್ರೀನಿವಾಸರು ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ಹಲವು ತಿಂಗಳು ತಂಗಿದ್ದರು. ಬೇಸಾಯ, ಜಗಳ, ಪಂಚಾಯಿತಿ, ಹಬ್ಬ, ಸಾಲ ಎಲ್ಲವನ್ನೂ ಹತ್ತಿರದಿಂದ ನೋಡಿ ಬರೆದುಕೊಂಡರು. ಇದನ್ನೇ ಕ್ಷೇತ್ರಕಾರ್ಯ ಎನ್ನುತ್ತಾರೆ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅಲ್ಲಿನ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟರು. ವರ್ಷಗಟ್ಟಲೆ ಶ್ರಮಪಟ್ಟು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ಕೈಚೆಲ್ಲಿ ಕೂರಲಿಲ್ಲ. ನೆನಪಿನ ಬಲದಿಂದಲೇ ಬರೆದರು. 1976ರಲ್ಲಿ ಹೊರಬಂದ ಆ ಪುಸ್ತಕ, 'ದಿ ರಿಮೆಂಬರ್ಡ್ ವಿಲೇಜ್', ಭಾರತದ ಹಳ್ಳಿಯನ್ನು ಕುರಿತ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ಹೆಸರಾಗಿದೆ.

ಆ ಪುಸ್ತಕದಲ್ಲಿ ಹಳ್ಳಿಯ ಹೆಸರು 'ರಾಮಪುರ'. ಅದು ಅವರೇ ಇಟ್ಟ ಹೆಸರು. ಮನೆಯೊಳಗೆ ಕರೆದು ಕೂರಿಸಿ ಮಾತಾಡಿದ ಜನರಿಗೆ ತಮ್ಮ ಬರಹದಿಂದ ತೊಂದರೆಯಾಗಬಾರದೆಂದು ಸಮಾಜಶಾಸ್ತ್ರಜ್ಞರು ಊರು, ಹೆಸರುಗಳನ್ನು ಮರೆಮಾಡುವುದು ವಾಡಿಕೆ. ಪತ್ರಕರ್ತರದು ಇದಕ್ಕೆ ತಿರುಗುಮುರುಗು. ಯಾರು, ಎಲ್ಲಿ, ಯಾವಾಗ ಎಂದು ಹೇಳದಿದ್ದರೆ ಸುದ್ದಿಯ ಸತ್ಯವನ್ನು ಪರೀಕ್ಷಿಸಲು ಓದುಗರಿಗೆ ಸಾಧ್ಯವಿಲ್ಲ. ಯಾವಾಗ ಹೆಸರು ಹೇಳಬೇಕು, ಯಾವಾಗ ಹೇಳಬಾರದು ಎಂಬ ವಿವೇಚನೆ ಎರಡನ್ನೂ ಓದಿದವರಿಗೆ ಬರುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ 'ವೋಟ್ ಬ್ಯಾಂಕ್' ಎಂಬ ಮಾತನ್ನು ಬಳಕೆಗೆ ತಂದವರು ಶ್ರೀನಿವಾಸರೇ. ಇದೇ ರಾಮಪುರವನ್ನು ಕುರಿತು 1955ರಲ್ಲಿ ಬರೆದ ಲೇಖನದಲ್ಲಿ ಅವರು ಅದನ್ನು ಉಪಯೋಗಿಸಿದರು. ಮೈಸೂರು ಸೀಮೆಯ ಒಂದು ಹಳ್ಳಿಯ ಅಧ್ಯಯನದಿಂದ ಹುಟ್ಟಿದ ಮಾತು ಇಡೀ ದೇಶದ ಮಾಧ್ಯಮದ ನಾಲಿಗೆಯ ಮೇಲಿದೆ.

ಆಕಾಶವಾಣಿಯಿಂದ ಉಪಗ್ರಹದವರೆಗೆ

ಮಾಧ್ಯಮದ ಚರಿತ್ರೆಯಲ್ಲೂ ಕನ್ನಡ ನಾಡಿನ ಪಾಲು ದೊಡ್ಡದು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಅದರ ಸಂಪಾದಕರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದದ್ದು. ಮನುಷ್ಯರ ಮನಸ್ಸನ್ನು ಅಭ್ಯಾಸ ಮಾಡಿದವರೊಬ್ಬರು ರೇಡಿಯೊ ಕೇಂದ್ರ ತೆರೆದರೆಂಬುದನ್ನು ಗಮನಿಸಬೇಕು. 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಯಿತು. ಅದನ್ನು ಬೆಳೆಸಿದವರು ನಾಡಿಗ ಕೃಷ್ಣಮೂರ್ತಿಯವರು.

ಸಮಾಜಶಾಸ್ತ್ರ ಮತ್ತು ಮಾಧ್ಯಮ ಕೈಜೋಡಿಸಿದ ದೊಡ್ಡ ಪ್ರಯೋಗ ನಡೆದದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಸಹಾಯದಿಂದ ಇಸ್ರೋ ಸಂಸ್ಥೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿತು. ಅದರ ಹೆಸರು 'ಸೈಟ್'. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳ ಕಾರ್ಯಕ್ರಮಗಳು ಪ್ರಸಾರವಾಗುತ್ತಿದ್ದವು. ಟಿ.ವಿ. ಪೆಟ್ಟಿಗೆ ಕೊಟ್ಟರೆ ಮುಗಿಯಲಿಲ್ಲ. ಯಾರು ಬಂದು ನೋಡುತ್ತಾರೆ? ಹೆಂಗಸರಿಗೆ ಆ ಹೊತ್ತಿನಲ್ಲಿ ಬಿಡುವಿದೆಯೇ? ಬೆಂಗಳೂರಿನವರ ಕನ್ನಡ ರಾಯಚೂರಿನವರಿಗೆ ತಟ್ಟುತ್ತದೆಯೇ? ನೋಡಿದ್ದನ್ನು ಜನ ಹೊಲದಲ್ಲಿ ಮಾಡುತ್ತಾರೆಯೇ? ಇಂತಹ ಪ್ರಶ್ನೆಗಳಿಗೆ ಉತ್ತರ ಎಂಜಿನಿಯರರ ಬಳಿ ಇರುವುದಿಲ್ಲ. ಅದಕ್ಕೆಂದೇ ಆ ಯೋಜನೆಯಲ್ಲಿ ಸಮಾಜ ವಿಜ್ಞಾನಿಗಳ ತಂಡವಿತ್ತು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಅಧ್ಯಯನ ನಡೆಸಿದರು.

ನಾವಿರುವ ಊರೇ ಒಂದು ಪಾಠ

ಮಲೇಷ್ಯಾದಲ್ಲಿರುವ ನಮ್ಮ ಮಕ್ಕಳಿಗೆ ಪುತ್ರಜಯಾ ನಗರವೇ ಒಂದು ಪಠ್ಯಪುಸ್ತಕ. ಹೆಸರನ್ನು ಕೇಳಿದೊಡನೆ ಅರ್ಥ ಹೊಳೆಯುವ ಊರಿದು. ದೇಶದ ಮೊದಲ ಪ್ರಧಾನಿ ಟುಂಕು ಅಬ್ದುಲ್ ರಹಮಾನ್ ಪುತ್ರ ಅವರ ನೆನಪಿಗೆ 'ಪುತ್ರ', ಅದರ ಜೊತೆ 'ಜಯ'. 1990ರ ದಶಕದಲ್ಲಿ ಕಟ್ಟಲಾರಂಭಿಸಿ, 1999ರಲ್ಲಿ ಪ್ರಧಾನಿಯ ಕಚೇರಿ ಇಲ್ಲಿಗೆ ಬಂತು. 2001ರ ಫೆಬ್ರವರಿ 1ರಂದು ಇದು ಸಂಯುಕ್ತ ಪ್ರದೇಶವಾಯಿತು. ಅಗಲವಾದ ರಸ್ತೆ, ಕೃತಕ ಸರೋವರ, ಚಂದದ ಸೇತುವೆ, ಗುಲಾಬಿ ಗುಮ್ಮಟದ ಮಸೀದಿ ಇವನ್ನೆಲ್ಲ ಊರಿನಿಂದ ಬಂದ ನೆಂಟರಿಗೆ ತೋರಿಸಿಯೇ ಇರುತ್ತೇವೆ.

ಈ ರಸ್ತೆಗಳ ಕೆಳಗೆ ಮೊದಲು ಏನಿತ್ತು ಎಂಬುದು ಸಮಾಜಶಾಸ್ತ್ರದ ವಿದ್ಯಾರ್ಥಿ ಕೇಳುವ ಪ್ರಶ್ನೆ. ಇಲ್ಲಿ ರಬ್ಬರ್ ಮತ್ತು ತಾಳೆ ಎಣ್ಣೆಯ ತೋಟಗಳಿದ್ದವು. ಅವುಗಳಲ್ಲೊಂದು ಪ್ರಾಂಗ್ ಬೆಸಾರ್. ಮಲಯ ಭಾಷೆಯಲ್ಲಿ ಹಾಗೆಂದರೆ ಮಹಾಯುದ್ಧ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಅಧಿಕಾರಿಗಳು ಕಟ್ಟಿದ ತೋಟವಾದ್ದರಿಂದ ಆ ಹೆಸರು. ರಬ್ಬರ್ ಬೆಳೆಗಾರರಿಗೆ ಗೊತ್ತಿರುವ 'ಪಿಬಿ' ತಳಿಗಳ ಹೆಸರು ಬಂದದ್ದು ಇದೇ ತೋಟದಿಂದ. ಆ ಮರಗಳಿಂದ ಹಾಲು ಇಳಿಸಿದವರಲ್ಲಿ ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ಬಂದ ಕೂಲಿಕಾರರ ಕುಟುಂಬಗಳು ಬಹಳ. ರಾಜಧಾನಿ ಕಟ್ಟಲು ತೋಟಗಳು ಹೋದಾಗ ಅವರು ಸಮೀಪದ ಡೆಂಕಿಲ್‌ನ ತಾಮಾನ್ ಪರ್ಮಾತಾ ಬಡಾವಣೆಯ ಫ್ಲ್ಯಾಟುಗಳಿಗೆ ಸ್ಥಳಾಂತರಗೊಂಡರು. ಸ್ವಂತ ನೆಲದ ಮನೆ ಬೇಕೆಂಬ ಅವರ ಬೇಡಿಕೆ ಎಷ್ಟೋ ವರ್ಷ ಪತ್ರಿಕೆಗಳಲ್ಲಿ ಬರುತ್ತಿತ್ತು.

ಈಗ ಒಂದೇ ಊರಿನ ಎರಡು ಸುದ್ದಿಗಳು ನಮ್ಮ ಮುಂದಿವೆ: ಸುಂದರ ನಗರದ ಸುದ್ದಿ ಒಂದು, ಜಾಗ ಬಿಟ್ಟುಕೊಟ್ಟವರ ಸುದ್ದಿ ಇನ್ನೊಂದು. ಎರಡೂ ನಿಜ. ಒಂದು ಪತ್ರಿಕೆಯ ಮುಖಪುಟಕ್ಕೆ ಯಾವುದು ಬರುತ್ತದೆ, ಒಳಪುಟಕ್ಕೆ ಯಾವುದು ಹೋಗುತ್ತದೆ, ಯಾವ ಭಾಷೆಯ ಪತ್ರಿಕೆ ಯಾವುದನ್ನು ದೊಡ್ಡದು ಮಾಡುತ್ತದೆ ಎಂದು ವಿಚಾರಿಸುವುದೇ ಮಾಧ್ಯಮದ ಓದು.

ಈ ದೇಶದಲ್ಲೂ ದೊಡ್ಡ ಸಮಾಜಶಾಸ್ತ್ರಜ್ಞರು ಆಗಿಹೋಗಿದ್ದಾರೆ. ಮಲಯ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಸೈಯದ್ ಹುಸೇನ್ ಅಲಟಾಸ್ 1977ರಲ್ಲಿ 'ದಿ ಮಿತ್ ಆಫ್ ದ ಲೇಜಿ ನೇಟಿವ್' ಎಂಬ ಗ್ರಂಥ ಬರೆದರು. ಇಲ್ಲಿನ ಜನ ಸೋಮಾರಿಗಳೆಂದು ಪರದೇಶದ ಆಡಳಿತಗಾರರು ಬರೆದು ಬರೆದು ಹಬ್ಬಿಸಿದ ಮಾತು ಹೇಗೆ ಅವರ ಲಾಭಕ್ಕೆ ಒದಗಿತು ಎಂಬುದನ್ನು ಅವರು ತೋರಿಸಿಕೊಟ್ಟರು. ಒಂದು ಸುಳ್ಳನ್ನು ನೂರು ಸಲ ಅಚ್ಚು ಹಾಕಿದರೆ ಅದು ನಿಜದಂತೆ ಕಾಣುತ್ತದೆ. ಅದನ್ನು ಬಿಡಿಸಿ ನೋಡಲು ಓದು ಬೇಕು.

ನಮ್ಮ ಮಟ್ಟಿಗೂ ಇದು ದೂರದ ಮಾತಲ್ಲ. 2020ರ ಜನಗಣತಿಯ ಪ್ರಕಾರ ಮಲೇಷ್ಯಾದ ಜನಸಂಖ್ಯೆ ಸುಮಾರು 3 ಕೋಟಿ 24 ಲಕ್ಷ. ಇಲ್ಲಿನ ಪ್ರಜೆಗಳಲ್ಲಿ ಭಾರತೀಯ ಮೂಲದವರು ನೂರಕ್ಕೆ ಏಳರ ಆಸುಪಾಸು. ಸಾಮಾನ್ಯವಾಗಿ ಪ್ರಕಟವಾಗುವ ಕೋಷ್ಟಕಗಳಲ್ಲಿ ತಮಿಳರು, ಮಲಯಾಳಿಗಳು, ತೆಲುಗರು, ಪಂಜಾಬಿಗಳು ಎಲ್ಲರೂ 'ಭಾರತೀಯರು' ಎಂಬ ಒಂದೇ ಕಲಮಿನೊಳಗೆ. ಕೆಲಸದ ಮೇಲೆ ಬಂದಿರುವ ನಮ್ಮಂಥವರು 'ಪ್ರಜೆಗಳಲ್ಲದವರು' ಎಂಬ ಇನ್ನೊಂದು ಕಲಮಿನೊಳಗೆ. ಕನ್ನಡ ಮಾತಾಡುವ ಮನೆಗಳು ಎಷ್ಟಿವೆ, ನಮ್ಮ ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಕನ್ನಡ ಓದಲು ಎಷ್ಟು ಜನಕ್ಕೆ ಬರುತ್ತದೆ ಎಂಬುದನ್ನು ನಾವೇ ಬರೆದಿಡದಿದ್ದರೆ ಬೇರೆ ಯಾರು ಬರೆಯುತ್ತಾರೆ?

ತರಗತಿಯಲ್ಲಿ ಏನು ಕಲಿಸುತ್ತಾರೆ?

ಪದವಿಯ ಮೊದಲ ವರ್ಷ ಮೂಲ ವಿಚಾರಗಳು ಬರುತ್ತವೆ: ಮಾರ್ಕ್ಸ್, ಡರ್ಕೈಮ್, ವೇಬರ್ ಮುಂತಾದವರ ಸಿದ್ಧಾಂತಗಳು, ಮಾಧ್ಯಮದ ಚರಿತ್ರೆ, ಸಂವಹನದ ತತ್ತ್ವಗಳು. ಆಮೇಲೆ ಸಂಶೋಧನಾ ವಿಧಾನ. ಪ್ರಶ್ನಾವಳಿ ತಯಾರಿಸುವುದು, ಸಂದರ್ಶನ ಮಾಡುವುದು, ಸಮೀಕ್ಷೆಗೆ ಯಾರನ್ನು ಆರಿಸಬೇಕೆಂದು ತೀರ್ಮಾನಿಸುವುದು, ಬಂದ ಉತ್ತರಗಳನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕುವುದು ಇದರೊಳಗೆ ಬರುತ್ತವೆ. ಗಣಿತ ಬೇಡವೆಂದು ಕಲಾ ವಿಭಾಗ ಆರಿಸಿಕೊಂಡವರು ಇದನ್ನು ತಿಳಿದಿರಬೇಕು. ಇಲ್ಲೂ ಅಂಕಿ-ಅಂಶಗಳು ಬಿಡುವುದಿಲ್ಲ.

ಮಾಧ್ಯಮದ ಕಡೆ ವರದಿಗಾರಿಕೆ, ಸಂಪಾದನೆ, ಕ್ಯಾಮೆರಾ, ಧ್ವನಿಮುದ್ರಣ, ಮಾಧ್ಯಮ ಕಾನೂನು, ವೃತ್ತಿಧರ್ಮ ಇವುಗಳ ಪಾಠವಿರುತ್ತದೆ. ಕೆಲವು ಕೋರ್ಸುಗಳು ಕೈಕೆಲಸಕ್ಕೆ ಒತ್ತು ಕೊಡುತ್ತವೆ, ಕೆಲವು ವಿಚಾರಕ್ಕೆ. ಸೇರುವ ಮೊದಲು ಪಠ್ಯಕ್ರಮವನ್ನು ತರಿಸಿ, ಸೆಮಿಸ್ಟರ್‌ವಾರು ಓದಿ ನೋಡಬೇಕು. ಕೋರ್ಸಿನ ಹೆಸರನ್ನು ಮಾತ್ರ ನೋಡಿ ಸೇರಬಾರದು.

ಎಲ್ಲಿ ಓದಬಹುದು?

ಸಿಬಿಎಸ್‌ಇ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಸಮಾಜಶಾಸ್ತ್ರ ಒಂದು ಐಚ್ಛಿಕ ವಿಷಯ. ಆದರೆ ಪದವಿಗೆ ಬರಲು ಅದನ್ನು ಮೊದಲೇ ಓದಿರಬೇಕೆಂಬ ನಿಯಮ ಸಾಮಾನ್ಯವಾಗಿ ಇರುವುದಿಲ್ಲ. ವಿಜ್ಞಾನ ಓದಿದವರೂ ಬರಬಹುದು.

ಮಲೇಷ್ಯಾದಲ್ಲಿ ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವೂ ಮಾಧ್ಯಮ ಅಧ್ಯಯನವೂ ಇವೆ. ಪುತ್ರಜಯಾಕ್ಕೆ ಹತ್ತಿರದ ಬಾಂಗಿಯಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯವಿದೆ, ಸೈಬರ್‌ಜಯಾದಲ್ಲಿ ಮಲ್ಟಿಮೀಡಿಯಾ ವಿಶ್ವವಿದ್ಯಾಲಯವಿದೆ. ಸನ್‌ವೇಯ ಮೊನಾಶ್, ಸೆಮೆನಿಯ ನಾಟಿಂಗ್‌ಹ್ಯಾಂ ಇವು ವಿದೇಶಿ ವಿಶ್ವವಿದ್ಯಾಲಯಗಳ ಶಾಖೆಗಳು. ಪಾಠ ಇಂಗ್ಲಿಷಿನಲ್ಲಿ, ಶುಲ್ಕ ಹೆಚ್ಚು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ಪದವಿಗಳ ಪಾಠ ಮಲಯ ಭಾಷೆಯಲ್ಲೇ ನಡೆಯುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು.

ಊರಿಗೆ ಮರಳುವುದಾದರೆ ಬೆಂಗಳೂರು, ಮೈಸೂರು, ಮಂಗಳೂರಿನ ಹಲವು ಕಾಲೇಜುಗಳಲ್ಲಿ ಬಿ.ಎ. ಪದವಿಗೆ ಸಮಾಜಶಾಸ್ತ್ರ ಮತ್ತು ಪತ್ರಿಕೋದ್ಯಮವನ್ನು ಒಟ್ಟಿಗೆ ತೆಗೆದುಕೊಳ್ಳಬಹುದು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಇದೆ. ಸ್ನಾತಕೋತ್ತರ ಓದಿಗೆ ದೆಹಲಿಯ ಜಾಮಿಯಾ, ಭಾರತೀಯ ಸಮೂಹ ಸಂವಹನ ಸಂಸ್ಥೆ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹೆಸರಾದವು.

ಪೋಷಕರು ಎರಡು ವಿಷಯಗಳನ್ನು ಮರೆಯಬಾರದು. ಒಂದು, ಇಲ್ಲಿ ಓದುವ ಕೋರ್ಸು ಮಲೇಷ್ಯಾದ ಅರ್ಹತಾ ಸಂಸ್ಥೆಯ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಎರಡು, ಇಲ್ಲಿನ ಪದವಿಯೊಂದಿಗೆ ಭಾರತದಲ್ಲಿ ಮುಂದೆ ಓದಬೇಕಾದರೆ ಸಮಾನತೆಯ ಪ್ರಮಾಣಪತ್ರ ಬೇಕಾಗಬಹುದು. ಇದಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿದೆ. ಅವನ್ನು ಓದಿಕೊಂಡು ಮುಂದುವರಿಯುವುದು ಒಳ್ಳೆಯದು.

ಕೆಲಸದ ಮಾತು

ಅಜ್ಜಿಯ ಪ್ರಶ್ನೆಗೆ ಈಗ ನೇರವಾಗಿ ಬರೋಣ. ಪದವಿ ಮುಗಿದ ಕೂಡಲೇ ಸಾಫ್ಟ್‌ವೇರ್‌ನವರಷ್ಟು ಸಂಬಳ ಸಾಮಾನ್ಯವಾಗಿ ಸಿಗುವುದಿಲ್ಲ. ಎಂ.ಎ. ಮಾಡಿದರೆ ಅನುಕೂಲ ಹೆಚ್ಚು. ಮುದ್ರಿತ ಪತ್ರಿಕೆಗಳ ಕಾಲವೂ ಮೊದಲಿನಂತಿಲ್ಲ. 1924ರಲ್ಲಿ ಆರಂಭವಾದ ಇಲ್ಲಿನ 'ತಮಿಳ್ ನೇಸನ್' ಪತ್ರಿಕೆ 2019ರಲ್ಲಿ ನಿಂತುಹೋಯಿತು. ಸಾಧಾರಣ ವರದಿಯನ್ನು ಈಗ ಕಂಪ್ಯೂಟರೇ ಬರೆಯಬಲ್ಲದು. ಇದನ್ನೆಲ್ಲ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಆದರೆ ಜನರ ಮನೆಗೆ ಹೋಗಿ, ಅವರ ವಿಶ್ವಾಸ ಗಳಿಸಿ, ಕೇಳಿ, ಪರೀಕ್ಷಿಸಿ, ತಿಳಿಯಾಗಿ ಬರೆಯುವ ಕೆಲಸಕ್ಕೆ ಮನುಷ್ಯರೇ ಬೇಕು. ಡಿಜಿಟಲ್ ಸುದ್ದಿಸಂಸ್ಥೆಗಳು, ಸಾಕ್ಷ್ಯಚಿತ್ರ, ಜಾಹೀರಾತು, ಮಾರುಕಟ್ಟೆ ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳು, ಆಸ್ಪತ್ರೆಗಳ ಆರೋಗ್ಯ ಪ್ರಚಾರ, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ, ಅಧ್ಯಾಪನ ಇವೆಲ್ಲ ತೆರೆದ ದಾರಿಗಳು. ಐ.ಎ.ಎಸ್. ಪರೀಕ್ಷೆಯಲ್ಲಿ ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರು ಅನೇಕರು. ಸುಳ್ಳು ಸುದ್ದಿಗಳನ್ನು ಪರಿಶೀಲಿಸುವುದೇ ಇಂದು ಒಂದು ಉದ್ಯೋಗವಾಗಿದೆ. ಮಲೇಷ್ಯಾ ಸರ್ಕಾರ 2017ರಲ್ಲೇ ಅದಕ್ಕಾಗಿ ಒಂದು ಜಾಲತಾಣ ತೆರೆಯಿತು.

ಹಲವು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇಲ್ಲೊಂದು ಹೆಚ್ಚಿನ ಬಲವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಅಂಗಡಿಯಲ್ಲಿ ಮಲಯ, ಗೆಳೆಯರಿಂದ ಕಲಿತ ತಮಿಳು. ಯಾವುದನ್ನೂ ಬಿಡಬೇಡಿ. ಸಂಶೋಧಕರಿಗೂ ಪತ್ರಕರ್ತರಿಗೂ ಭಾಷೆಯೇ ಬಂಡವಾಳ.

ಈಗಲೇ ಶುರುಮಾಡಿ

ವಿದ್ಯಾರ್ಥಿಗಳೇ, ಈ ವಿಷಯ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಪದವಿಯವರೆಗೆ ಕಾಯಬೇಕಾಗಿಲ್ಲ. ರಜೆಯಲ್ಲಿ ಹೀಗೆ ಮಾಡಿ ನೋಡಿ.

ಒಂದು ವಾರ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ. ಶೀರ್ಷಿಕೆ, ಚಿತ್ರ, ಯಾರ ಮಾತನ್ನು ಹಾಕಿದ್ದಾರೆ, ಯಾರ ಮಾತನ್ನು ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿ.

ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಅರ್ಧ ಗಂಟೆ ಮಾತಾಡಿಸಿ. ಅವರ ಬಾಲ್ಯದಲ್ಲಿ ಸುದ್ದಿ ಊರಿಗೆ ಹೇಗೆ ಬರುತ್ತಿತ್ತು, ರೇಡಿಯೊ ಯಾರ ಮನೆಯಲ್ಲಿತ್ತು, ಅಲ್ಲಿಗೆ ಹೋಗಿ ಕೇಳಲು ಎಲ್ಲರಿಗೂ ಅವಕಾಶವಿತ್ತೇ ಎಂದು ಕೇಳಿ. ಅವರ ಅಪ್ಪಣೆ ಪಡೆದು ಬರೆದುಕೊಳ್ಳಿ. ಅವರು ಬೇಡವೆಂದದ್ದನ್ನು ಬಿಟ್ಟುಬಿಡಿ.

ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಒಂದು ಸಂದೇಶವನ್ನು ಆರಿಸಿ, ಅದು ಎಲ್ಲಿಂದ ಹೊರಟಿತು, ನಿಜವೋ ಸುಳ್ಳೋ ಎಂದು ಹುಡುಕಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಮೂರನ್ನೂ ಮಾಡಿ ಮುಗಿಸುವಾಗ ಬೇಸರ ಬಂದರೆ ಬೇರೆ ವಿಷಯ ಆರಿಸಿಕೊಳ್ಳಿ, ಚಿಂತೆಯಿಲ್ಲ. ಇನ್ನಷ್ಟು ಕೇಳಬೇಕು, ಇನ್ನಷ್ಟು ಹುಡುಕಬೇಕು ಎನಿಸಿದರೆ ನೀವು ಬರೆದುಕೊಂಡ ಹಾಳೆಗಳನ್ನು ಅಪ್ಪ-ಅಮ್ಮನಿಗೆ ತೋರಿಸಿ ಮಾತಾಡಿ. ಪೋಷಕರೇ, ಆಗ ಆ ಹಾಳೆಗಳನ್ನು ಓದಿ ನೋಡಿ, ಆಮೇಲೆ ತೀರ್ಮಾನಿಸೋಣ. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ನಮ್ಮ ಮಕ್ಕಳು ದೇಶವನ್ನು ಚಿಕ್ಕಂದಿನಲ್ಲೇ ಸುತ್ತಿದ್ದಾರೆ. ಕೋಶ ಯಾವುದೆಂದು ಆರಿಸಿಕೊಳ್ಳುವಾಗ ಅವರ ಮಾತಿಗೂ ಬೆಲೆ ಇರಲಿ.